ಅರ್ಧ ದಿನದ ಗೆರೆ

ಬಿಸ್ಕತ್ತಿನ ಡಬ್ಬಿಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲುವ ಮನುಷ್ಯನನ್ನು ನಾನು ಈ ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ರೈಟರ್ ಹೂವಣ್ಣನವರು. ಡಬ್ಬಿ ಚೌಕಾಕಾರದ ತಗಡಿನದು. ಮುಚ್ಚಳದ ಮೇಲೆ ಹಿಂದೊಮ್ಮೆ ಗುಲಾಬಿಗಳಿದ್ದವು, ನನ್ನ ಕಾಲಕ್ಕೆ ತುಕ್ಕು ಮಾತ್ರ ಉಳಿದಿತ್ತು. ನಡುವೆ ಉಳಿಯಿಂದ ಕೊರೆದ ಒಂದು ಸೀಳು. ಉಳಿದ ದಿನಗಳಲ್ಲಿ ಅದರೊಳಗೆ ಶಾಲೆಯ ಸೀಮೆಸುಣ್ಣ ವಾಸವಾಗಿರುತ್ತಿತ್ತು. ಎಸ್‌ಡಿಎಂಸಿ ಎಂಬ ಶಾಲಾ ಸಮಿತಿಯ ಚುನಾವಣೆಯ ದಿನ ಸೀಮೆಸುಣ್ಣ ಪದಚ್ಯುತಗೊಂಡು ಡಬ್ಬಿ ಮತಪೆಟ್ಟಿಗೆಯ ಪದವಿಗೇರುತ್ತಿತ್ತು. ಹೂವಣ್ಣನವರು ಅದನ್ನು ತಲೆಕೆಳಗು ಮಾಡಿ, ತಳ ಬಡಿದು, ಒಳಗೇನೂ ಇಲ್ಲವೆಂದು ನೆರೆದ ಏಳೆಂಟು ಜನಕ್ಕೆ ತೋರಿಸಿ, ಮುಚ್ಚಳದ ಅಂಚಿಗೆ ಹಲಸಿನ ಮೇಣ ಮೆತ್ತಿ ಮೊಹರು ಮಾಡುತ್ತಿದ್ದರು. ಆಮೇಲೆ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಮೊದಲ ವರ್ಷ ಆ ಮೌನದಲ್ಲಿ ನಗು ತಡೆದುಕೊಳ್ಳುವುದೇ ನನಗೆ ಚುನಾವಣಾ ಕರ್ತವ್ಯವಾಗಿತ್ತು.

ಈ ಸಲ ಕಾಫಿ ಹೂವಾಗುವ ಹೊತ್ತಿಗೆ ಅವರು ಹೋಗಿ ಒಂದು ವರ್ಷ.

ನಮ್ಮ ಶಾಲೆ ಇದ್ದದ್ದು ಆಲೂರು ತಾಲ್ಲೂಕು ಮುಗಿದು ಸಕಲೇಶಪುರ ಶುರುವಾಗುವ ಗುಡ್ಡದ ಓರೆಯಲ್ಲಿ. ಐದು ತರಗತಿ, ಒಂದು ಕೋಣೆ, ಒಬ್ಬ ಮೇಷ್ಟ್ರು. ಆ ಒಬ್ಬ ಮೇಷ್ಟ್ರು ನಾನು. ಹೂವಣ್ಣನವರು ಮಗ್ಗುಲ ಎಸ್ಟೇಟಿನಲ್ಲಿ ಮೂವತ್ತು ಚಿಲ್ಲರೆ ವರ್ಷ ರೈಟರಾಗಿದ್ದವರು. ಬೆಳಗಾದರೆ ಲೈನ್ ಎಂಬ ಕೂಲಿಮನೆಗಳ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗಿ ಚೆಕ್‌ರೋಲ್ ಎಂಬ ಉದ್ದನೆಯ ಪುಸ್ತಕದಲ್ಲಿ ಹಾಜರಿ ಗುರುತಿಸುವುದು ಅವರ ಉದ್ಯೋಗ. ಇಡೀ ದಿನ ದುಡಿದವರಿಗೆ ಒಂದನ್ನೊಂದು ಕತ್ತರಿಸುವ ಎರಡು ಗೆರೆ, ಗುಣಾಕಾರದ ಚಿಹ್ನೆಯಂತೆ. ಅರ್ಧ ದಿನಕ್ಕೆ ಒಂದೇ ಓರೆಗೆರೆ. ಪ್ರಪಂಚದ ಸಕಲ ವ್ಯವಹಾರವೂ ಈ ಎರಡು ಗುರುತುಗಳೊಳಗೆ ಮುಗಿಯುತ್ತದೆಂದು ಅವರು ನಂಬಿದ್ದರು. ಮದುವೆ ಯಾಕಾಗಲಿಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಹುಡ್ಗಿ ನೋಡಕೆ ಹೋದ ದಿವ್ಸ ಅವ್ರಪ್ಪ ಒಂದ್ ಗಂಟೆ ತಡ್ವಾಗಿ ಬಂದ ಮೇಷ್ಟ್ರೇ. ಗೈರುಹಾಜ್ರಿ ಹಾಕ್ಬುಟ್ಟು ಎದ್ ಬಂದೆ" ಎಂದರು. ಅದು ತಮಾಷೆಯೋ ನಿಜವೋ ಕೊನೆಯವರೆಗೂ ತಿಳಿಯಲಿಲ್ಲ. ಆ ಮುಖದಲ್ಲಿ ಎರಡಕ್ಕೂ ಒಂದೇ ಗೆರೆ.

ನಿವೃತ್ತರಾದ ಮೇಲೆ ಎಸ್ಟೇಟಿನವರು ಸ್ಟೋರಿನ ಹಿಂದಿನ ಒಂದು ರೂಮನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಕೂಗಲು ಹೆಸರುಗಳಿರಲಿಲ್ಲ. ಮೂರೋ ನಾಲ್ಕೋ ದಿನ ಸುಮ್ಮನಿದ್ದು, ಒಂದು ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಶಾಲೆಯ ಗೇಟಿಗೆ ಬಂದು ನಿಂತರು, ಕಂಕುಳಲ್ಲಿ ಖಾಲಿ ಉಳಿದ ಒಂದು ಚೆಕ್‌ರೋಲ್. ಅಂದಿನಿಂದ ನಮ್ಮ ಶಾಲೆಗೆ ಎರಡು ಹಾಜರಿ. ಒಂದು ಸರ್ಕಾರದ್ದು, ಒಂದು ಹೂವಣ್ಣನವರದು. ಎರಡೂ ತಾಳೆಯಾಗದ ದಿನ ನಾನು ಸರ್ಕಾರದ್ದನ್ನು ತಿದ್ದಿಕೊಳ್ಳುತ್ತಿದ್ದೆ.

ಶಾಲೆಯ ಉಸ್ತುವಾರಿಗೆ ಮಕ್ಕಳ ತಂದೆತಾಯಿಗಳೇ ತಮ್ಮೊಳಗೆ ಸಮಿತಿ ಆರಿಸಿಕೊಳ್ಳಬೇಕೆಂಬುದು ನಿಯಮ. ಸುತ್ತಲಿನ ಶಾಲೆಗಳಲ್ಲಿ ಇದು ಒಂದು ಲೋಟ ಕಾಫಿಯಲ್ಲಿ ಮುಗಿಯುತ್ತಿತ್ತು. ಸಭೆಗೆ ಬಾರದವನನ್ನು ಅಧ್ಯಕ್ಷ ಮಾಡಿ ಬಂದವರು ಪಾರಾಗುತ್ತಿದ್ದರು. ಹೂವಣ್ಣನವರಿಗೆ ಇದು ಸರಿಬೀಳಲಿಲ್ಲ. "ಅವಿರೋಧ ಅಂದ್ರೆ ಯಾರ್ಗೂ ಬ್ಯಾಡ ಅಂತ ಕಣ್ರೀ" ಎಂದು ಡಬ್ಬಿ ಕೊರೆದರು. ಮನೆಗೊಂದು ಮತ, ಗುಟ್ಟಿನ ಚೀಟಿ. 'ಮತದಾರರಿಗೆ ಸೂಚನೆಗಳು' ಎಂದು ಒಂದು ಪುಟ ಬರೆದು ಗೋಡೆಗೆ ಅಂಟಿಸಿದರು. ನಾಲ್ಕನೆಯ ಸೂಚನೆ: ಅಭ್ಯರ್ಥಿಯ ಹೆಸರಿನ ಮುಂದೆ ಪೂರ್ಣ ಹಾಜರಿಯ ಗುರುತು ಹಾಕತಕ್ಕದ್ದು, ಬೇರೆ ಯಾವ ಗುರುತಾದರೂ ಮತ ಅಸಿಂಧು. ಒಂದು ಸಲ ಯಾರೋ ಗುರುತಿನ ಬದಲು "ಇವ್ರೇ ಆಗ್ಲಿ, ಪರ್ವಾಗಿಲ್ಲ" ಎಂದು ಬರೆದಿದ್ದರು. ಬರೆದವನು ಅಭ್ಯರ್ಥಿಯ ಸ್ವಂತ ತಮ್ಮನೆಂದು ಅಕ್ಷರ ನೋಡಿದ ಯಾರಿಗೂ ಗೊತ್ತಾಗುವಂತಿತ್ತು. ಹೂವಣ್ಣನವರು ಕನ್ನಡಕ ಸರಿಮಾಡಿಕೊಂಡು ಅಸಿಂಧುವೆಂದರು. ಅಣ್ಣ ಆ ಒಂದು ಮತದಲ್ಲಿ ಸೋತ, ತಮ್ಮನ ಜೊತೆ ಮೆಣಸು ಕೊಯ್ಲಿನವರೆಗೂ ಮಾತುಬಿಟ್ಟ.

ಇಷ್ಟೆಲ್ಲ ಮಾಡುವ ಹೂವಣ್ಣನವರಿಗೇ ಮತವಿರಲಿಲ್ಲ. ಶಾಲೆಯಲ್ಲಿ ಮಗುವಿಲ್ಲದವರಿಗೆ ಹಕ್ಕಿಲ್ಲ. ಹೀಗೆ ಮೂರು ಚುನಾವಣೆ ನಡೆಸಿ, ಮೂರರಲ್ಲೂ ಡಬ್ಬಿಯಿಂದ ಎರಡು ಹೆಜ್ಜೆ ದೂರವೇ ನಿಂತರು.

ಆಮೇಲೆ ಪವಿತ್ರ ಬಂದಳು. ಲೈನಿನ ಕೆಂಪಜ್ಜಿಯ ಮೊಮ್ಮಗಳು. ತಾಯಿ ಬಿಸಿಲೆ ಕಡೆಯ ತೋಟದ ಕೆಲಸಕ್ಕೆ ಹೋಗಿ ಅಲ್ಲೇ ಉಳಿದಿದ್ದಳು. ಅಜ್ಜಿಗೆ ಮಂಡಿನೋವು, ಶಾಲೆಯ ಏರು ಹತ್ತಲಾರಳು. ದಾಖಲಾತಿಗೆ ಹುಡುಗಿಯ ಕೈ ಹಿಡಿದು ಬಂದವರು ಹೂವಣ್ಣನವರೇ. ಪೋಷಕರು ಎಂಬಲ್ಲಿ ಯಾರ ಹೆಸರು ಬರೆಯಲಿ ಎಂದೆ. ಅವರು ಕೆಮ್ಮಿದರು, ಕಿಟಕಿ ನೋಡಿದರು. ಕೊನೆಗೆ, "ಕೆಂಪಜ್ಜಿ ನನ್ ಹೆಸ್ರೇ ಬರ್ಸು ಅಂದೈತೆ. ನಿಮ್ಗೇನೂ ಅಡ್ಡಿ ಇಲ್ದಿದ್ರೆ" ಎಂದರು. ಮೂವತ್ತು ವರ್ಷ ದಿನಾ ಸಹಿ ಮಾಡಿದ ಕೈ, ಆ ಒಂದು ಸಹಿಗೆ ಎರಡು ನಿಮಿಷ ತೆಗೆದುಕೊಂಡಿತು.

ಮತದಾರನಾದವನು ಚುನಾವಣೆ ನಡೆಸಕೂಡದೆಂದು ಅವರೇ ತೀರ್ಮಾನಿಸಿ, ಯಾರೂ ಕೊಡದಿದ್ದ ಹುದ್ದೆಗೆ ಒಂದು ಪುಟದ ರಾಜೀನಾಮೆ ಬರೆದು ನನ್ನ ಕೈಗಿತ್ತರು. ಹೀಗೆ ನಾನು ಚುನಾವಣಾಧಿಕಾರಿಯಾದೆ.

ನನ್ನ ಅಧಿಕಾರಾವಧಿಯ ಮೊದಲ ಚುನಾವಣೆಯೇ ಆ ಶಾಲೆಯ ಕೊನೆಯದಾಯಿತು. ಮಕ್ಕಳು ಹನ್ನೊಂದಕ್ಕೆ ಇಳಿದಿದ್ದರು, ಮನೆಗಳು ಏಳು. ಶಾಲೆಯನ್ನು ಪೇಟೆಯ ಶಾಲೆಯೊಂದಿಗೆ ಸೇರಿಸಿ ಮಕ್ಕಳಿಗೆ ವ್ಯಾನು ಕಳಿಸಬಹುದು, ಹೊಸ ಸಮಿತಿ ಅಭಿಪ್ರಾಯ ತಿಳಿಸಲಿ ಎಂದು ಮೇಲಿನಿಂದ ಪತ್ರ ಬಂದಿತ್ತು. ಬೇಡವೆನ್ನುವವರ ಕಡೆಯಿಂದ ನಿಂತವನು ಕಾಂತರಾಜು, ಎರಡೆಕರೆ ಕಾಫಿಯವನು. ಬೇಕೆನ್ನುವವರ ಕಡೆಯಿಂದ ಸವಿತ, ಬಟ್ಟೆ ಹೊಲಿಯುವವಳು, ಇಬ್ಬರು ಮಕ್ಕಳ ತಾಯಿ. ಪೇಟೆ ಶಾಲೆಯ ವಿಚಾರದಲ್ಲಿ ಎಲ್ಲರಿಗೂ ಭಯವಿತ್ತು. ಒಂದು ಕೋಣೆಯಲ್ಲಿ ಎಷ್ಟು ಮಕ್ಕಳೋ, ಹೆದ್ದಾರಿ ದಾಟಿಸುವವರು ಯಾರೋ, ತಿರುವಿನಲ್ಲಿ ವಾಂತಿ ಮಾಡಿಕೊಂಡರೆ ಒರೆಸುವವರು ಯಾರೋ.

"ಪ್ಯಾಟೆ ಸ್ಕೂಲಲ್ಲಿ ನಮ್ ಮಕ್ಳಿಗೆ ಹಿಂದಿನ್ ಬೆಂಚೇ ಗತಿ" ಎಂದ ಕಾಂತರಾಜು.

"ಇಲ್ಲಿ ಮುಂದಿನ್ ಬೆಂಚೂ ಅದೇಯ, ಹಿಂದಿನ್ ಬೆಂಚೂ ಅದೇಯ" ಎಂದಳು ಸವಿತ. "ಇರೋದೇ ಒಂದು ಬೆಂಚು ಕಣೋ ಮಾರಾಯ."

ಮೂರು ಮನೆ ಅವನ ಕಡೆ, ಮೂರು ಮನೆ ಅವಳ ಕಡೆ ಎಂಬುದು ಊರಿಗೇ ಗೊತ್ತಿತ್ತು. ಏಳನೆಯದು ಹೂವಣ್ಣನವರದು. ಅದು ಎಲ್ಲಿಗೆ ಬೀಳುತ್ತದೆಂದು ಯಾರೂ ಕೇಳಲೂ ಇಲ್ಲ. ಶಾಲೆ ಮುಚ್ಚಿದರೆ ಒಂಬತ್ತು ಗಂಟೆಗೆ ಆ ಮನುಷ್ಯ ಎಲ್ಲಿಗೆ ಹೋಗಿ ನಿಲ್ಲಬೇಕು? ಕಾಂತರಾಜು ಆ ಮತವನ್ನು ಆಗಲೇ ಕೂಡಿಸಿಕೊಂಡು ನಾಲ್ಕೆನ್ನುತ್ತಿದ್ದ.

ಚುನಾವಣೆಗೆ ವಾರವಿರುವಾಗ ನಡೆದದ್ದೊಂದು ನನಗೆ ಮಾತ್ರ ಗೊತ್ತು. ಪವಿತ್ರ ಆಗ ನಾಲ್ಕನೆಯ ತರಗತಿ. ತರಗತಿಯೆಂದರೆ ಅವಳೊಬ್ಬಳೇ. ಉಳಿದವರಲ್ಲಿ ಚಿಕ್ಕವರು ತೀರಾ ಚಿಕ್ಕವರು, ದೊಡ್ಡ ಹುಡುಗರು ಅವಳನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಅಂದು ಊಟದ ಬಿಡುವಿನಲ್ಲಿ ಅವಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಬಿಲ್ಲೆ ಎಸೆದು, ಕುಂಟಿ, ಮನೆ ಮುಗಿಸಿ, ಆಚೆಗೆ ಹೋಗಿ ನಿಂತು, ಇನ್ನೊಂದು ಬಿಲ್ಲೆ ತೆಗೆದು ಎದುರಾಳಿಯ ಪಾಳಿಯನ್ನೂ ತಾನೇ ಆಡುತ್ತಿದ್ದಳು. ಗೇಟಿನಲ್ಲಿದ್ದ ಹೂವಣ್ಣನವರು ಬಹಳ ಹೊತ್ತು ನೋಡಿ, ಯಾರು ಗೆಲ್ತಾವ್ರೆ ಎಂದು ಕೇಳಿದರು.

"ಅವ್ಳು" ಎಂದಳು ಹುಡುಗಿ.

"ಅವ್ಳು ಅಂದ್ರೆ?"

"ಇನ್ನೊಬ್ಳು."

ಹೂವಣ್ಣನವರು ಪುಸ್ತಕ ಮುಚ್ಚಿದರು. ಮಧ್ಯಾಹ್ನದ ಹಾಜರಿ ಹಾಕದೆ ರೂಮಿಗೆ ಹೋದರು. ಅವರ ಚೆಕ್‌ರೋಲಿನಲ್ಲಿ ಖಾಲಿ ಬಿದ್ದ ಮನೆಗಳನ್ನು ನಾನು ಕಂಡದ್ದು ಅದೊಂದೇ ಸಲ.

ಚುನಾವಣೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಸರದಿಯ ಕೊನೆಯಲ್ಲಿ ನಿಂತು, ಚಪ್ಪಲಿ ಬಿಟ್ಟು, ಮೂರು ಚುನಾವಣೆಗಳಲ್ಲಿ ಬಿಟ್ಟುಕೊಂಡಿದ್ದ ಆ ಎರಡು ಹೆಜ್ಜೆಗಳನ್ನು ಮುಂದಿಟ್ಟು ಚೀಟಿ ಹಾಕಿದರು. ಎಣಿಕೆಗೆ ನಿಲ್ಲದೆ ಬರಿಗಾಲಲ್ಲೇ ಗೇಟಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು.

ಮೇಣ ಬಿಡಿಸಿ ಎಣಿಸಿದೆ. ಆರು ಚೀಟಿಗೆ ಮೂರು ಮೂರು. ಏಳನೆಯದನ್ನು ಬಿಚ್ಚಿದೆ. ಸವಿತಳ ಹೆಸರಿನ ಮುಂದೆ ಒಂದು ಗೆರೆ. ಒಂದೇ. ಬಲಕ್ಕೆ ವಾಲಿದ, ಎಲ್ಲೂ ಅಲುಗದ, ಅರ್ಧ ದಿನದ ಗೆರೆ.

ಗೋಡೆಯ ಮೇಲಿನ ನಾಲ್ಕನೆಯ ಸೂಚನೆ ನನ್ನನ್ನೇ ನೋಡುತ್ತಿತ್ತು. ಅಸಿಂಧುವೆಂದರೆ ಸಮಬಲ, ಚೀಟಿ ಎತ್ತುವುದು, ಶಾಲೆ ಉಳಿದರೂ ಉಳಿಯಬಹುದು. ನಾನಾದರೂ ಹನ್ನೆರಡು ವರ್ಷ ಅಲ್ಲೇ ಗಂಟೆ ಬಾರಿಸಿದವನು, ಬೇರೆಲ್ಲಿಗೆ ಹೋಗುವ ಉಮೇದೂ ಇರಲಿಲ್ಲ. ತಾವೇ ಬರೆದ ನಿಯಮವನ್ನು ಹೂವಣ್ಣನವರು ಮರೆಯುವ ಮನುಷ್ಯರಲ್ಲ. ಅರ್ಧ ಮತ ಹಾಕಿ, ಹಾಕಲಾರದ ಇನ್ನರ್ಧವನ್ನು ನನಗೆ ಬಿಟ್ಟಿದ್ದರು. ಕಿಟಕಿಯಾಚೆ ಅವರ ಬೆನ್ನು ಕಾಣುತ್ತಿತ್ತು. ಮೂವತ್ತು ವರ್ಷ ಜನರನ್ನು ಸಾಲಿನಲ್ಲಿ ನಿಲ್ಲಿಸಿದವರು ಒಬ್ಬರೇ ಸಾಲಾಗಿ ನಿಂತಿದ್ದರು.

ಸಿಂಧು, ಎಂದೆ.

ಕಾಂತರಾಜು ಚೀಟಿ ಇಸಿದುಕೊಂಡ. ಅವನ ಅಪ್ಪ ಹೂವಣ್ಣನವರ ಚೆಕ್‌ರೋಲಿನಲ್ಲಿ ದುಡಿದವನು. ಆ ಗೆರೆ ಯಾರದೆಂದು ಅವನಿಗೆ ಹೇಳಬೇಕಿರಲಿಲ್ಲ. ಗೋಡೆ ನೋಡಿದ, ಗೇಟು ನೋಡಿದ. "ಆಯ್ತು ಬುಡಿ ಮೇಷ್ಟ್ರೇ" ಎಂದು ಚೀಟಿ ಮಡಿಸಿ ಮೇಜಿನ ಮೇಲಿಟ್ಟ.

ಗೇಟಿನ ಹತ್ತಿರ ಹೋದೆ. ಹೂವಣ್ಣನವರು ಗೆದ್ದವರು ಯಾರೆಂದು ಕೇಳಲಿಲ್ಲ.

"ಅಸಿಂಧು ಎಷ್ಟು ಮೇಷ್ಟ್ರೇ?"

"ಒಂದೂ ಇಲ್ಲ."

"ನೀವು ಸೂಚ್ನೆ ಸರಿಯಾಗಿ ಓದ್ಲಿಲ್ಲ" ಎಂದರು. ಆಮೇಲೆ ಚಪ್ಪಲಿ ಹುಡುಕಿಕೊಂಡು ಒಳಗೆ ಹೋದರು.

ಮುಂದಿನ ವರ್ಷ ವ್ಯಾನು ಬಂತು. ನನಗೆ ಕುಂದೂರಿನ ಕಡೆ ವರ್ಗವಾಯಿತು. ಶಾಲೆಗೆ ಬೀಗ ಬಿತ್ತು. ಕೊನೆಯ ಸಲ ಹೂವಣ್ಣನವರನ್ನು ನೋಡಿದ್ದು ಅದಾದ ಚಳಿಗಾಲದಲ್ಲಿ. ಕಾಗದಪತ್ರದ ಕೆಲಸಕ್ಕೆಂದು ಆ ಊರಿಗೆ ಹೋಗಿ ರಾತ್ರಿ ಉಳಿದು ಬೆಳಿಗ್ಗೆ ರಸ್ತೆಗೆ ಬಂದರೆ, ವ್ಯಾನು ನಿಲ್ಲುವ ತಿರುವಿನ ಕಲ್ಲಿನ ಮೇಲೆ ಅವರು ಕೂತಿದ್ದರು. ಕಿವಿಗೆ ಮಫ್ಲರು, ತೊಡೆಯ ಮೇಲೆ ಚೆಕ್‌ರೋಲ್. ಹನ್ನೊಂದು ಹೆಸರೂ ಇದ್ದವು. ವ್ಯಾನು ಬಂದಾಗ ಎದ್ದು ನಿಂತರು. ಮಕ್ಕಳು ಹತ್ತಿದಂತೆ ಒಬ್ಬೊಬ್ಬರಿಗೂ ಗುರುತು ಹಾಕಿದರು. ಒಳಗಿನಿಂದ ಪವಿತ್ರಳ ವಯಸ್ಸಿನ ಇಬ್ಬರು ಹುಡುಗಿಯರು ಕತ್ತು ಚಾಚಿ, ನಿಂಗೆ ಸೀಟು ಹಿಡ್ದಿದೀವಿ ಬಾರೇ ಎಂದು ಕರೆದರು. ಅವಳು ಚೀಲ ಎದೆಗವಚಿಕೊಂಡು ಓಡಿ ಹತ್ತಿದಳು. ವ್ಯಾನು ತಿರುಗುವಾಗ ಕಿಟಕಿಯಲ್ಲಿ ಮೂರು ಜಡೆಗಳು ಕಂಡವು, ಮೂರು ತಲೆಯೂ ಒಂದು ಕಡೆ ಬಗ್ಗಿದ್ದವು.

ಹೂವಣ್ಣನವರು ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದ್ದವರು ಹಾಗೇ ಹಿಡಿದಿದ್ದರು.

"ದಿನಾ ಕೈ ಬೀಸ್ತಿತ್ತು. ಇವತ್ತು ಮರ್ತೋಯ್ತು."

ಅವರು ಕೈ ಇಳಿಸಿ, ಪುಸ್ತಕ ಬಿಡಿಸಿ, ಅವಳ ಹೆಸರಿನ ಮುಂದೆ ಎರಡು ಗೆರೆಯನ್ನೂ ಎಳೆದರು.

"ಒಳ್ಳೇದಾಯ್ತು ಬುಡಿ" ಎಂದರು.

ಈಗೆಲ್ಲಿಗೆ ಎಂದು ಕೇಳಿದೆ. ಸ್ಕೂಲಿನ ಬೀಗ ಸರಿಯಾಗಿ ಹಾಕಿದೆಯೋ ನೋಡಿಕೊಂಡು ಹೋಗಬೇಕೆಂದರು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಿ ಕೂತು, ಕಿಟಕಿಯಿಂದ ನಾನು ಮರೆಯದೆ ಕೈ ಬೀಸಿದೆ. ಹೂವಣ್ಣನವರು ವ್ಯಾನು ಹೋದ ತಿರುವನ್ನೇ ನೋಡುತ್ತಿದ್ದರು.