ಸೊಂಟದ ಮೇಲಿನ ಕುಂಬಳಕಾಯಿ

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ನನ್ನ ಸೊಂಟ ಏರಿದಳು. ಹುಟ್ಟಿ ವರ್ಷವಾದ ಮೇಲೆ ಮೊದಲ ಸಲ ಅವಳನ್ನ ಎತ್ತಿಕೊಂಡು ಅಂಗಳ ದಾಟಿ, ಹಿಪ್ಪುನೇರಳೆ ತೋಟದ ತನಕ ಹೋಗಿ ಬಂದೆ. ಖುಷಿ ತಡೀಲಾರದೆ ದಾರೀಲಿ ಸಿಕ್ಕ ಹಸುವಿಗೂ ಹೇಳಿದೆ.

ಕೊರೊನಾಕ್ಕೆ ಮುಂಚೆ ರೇಷ್ಮೆ ಹುಳುವಿಗೆ ಸೊಪ್ಪು ಕುಯ್ದು ಹೊರೆ ಹೊತ್ತು ತರ್ತಿದ್ದವಳು ನಾನೇ. ಕೊರೊನಾ ಬಂದು, ವಯಸ್ಸಾದೋರು ಹೊಸ್ತಿಲು ದಾಟಬಾರದು ಅಂತ ಸರ್ಕಾರ ಅಂದಾಗ ಮಗ ನನ್ನ ಕುಡುಗೋಲು ಕಿತ್ತುಕೊಂಡು ಸೂರಿಗೆ ಸಿಕ್ಕಿಸಿದ. "ಕೂತ್ಕೊ ಅವ್ವ, ನೀನು ಬದುಕಿದ್ರೆ ಸಾಕು." ಕೂತೆ. ಟೀವಿ ಮುಂದೆ ಕೂತೆ, ಊಟಕ್ಕೂ ಅಲ್ಲೇ ಕೂತೆ. ಲಾಕ್‌ಡೌನ್ ತೆಗೆದರು, ಮತ್ತೆ ಹಾಕಿದರು, ನಾನು ಕೂತೇ ಇದ್ದೆ. ಎಲ್ಲಾ ಮುಗಿದು ಏಳೋಕೆ ಹೋದರೆ ಕಾಲು ನಿಲ್ಲಲಿಲ್ಲ. ಕನಕಪುರದ ಡಾಕ್ಟರು, "ರೋಗ ಏನಿಲ್ಲ, ಕೂತು ಕೂತು ಬಲ ಹೋಗೈತೆ, ನಡೀರಿ" ಅಂದರು.

ಕೂರಿಸಿದ ಮಗನೇ ಆಮೇಲೆ ನೆಂಟನ ಮುಂದೆ, "ನಮ್ಮವ್ವ ಗೂಡು ಕಟ್ಟದ ಹುಳ ಕಣ್ಲಾ, ಬರೀ ಸೊಪ್ಪು ತಿಂತದೆ" ಅಂದ. ಅಂಥಾ ಹುಳ ಆರಿಸಿ ನಾವು ಕೋಳಿಗೆ ಎಸೀತೀವಿ. ಮನೇಲಿದ್ದೋರೆಲ್ಲಾ ನಕ್ಕರು.

ಮಗು ಹುಟ್ಟಿತು. ಕೈ ಚಾಚಿದರೆ ಸೊಸೆ ಕೊಡಲಿಲ್ಲ. "ಬೀಳಿಸ್ತೀರ ಅತ್ತೆ. ಕೂತ್ಕೊಂಡೇ ನೋಡಿ." ನಾನು ಹಟ ಹಿಡಿದೆ. ಅವಳು ಒಂದು ಕುಂಬಳಕಾಯಿ ತಂದು ನನ್ನ ಸೊಂಟಕ್ಕಿಟ್ಟಳು. "ಇದನ್ನ ತೋಟದ ತಂಕ ಹೊತ್ಕೊಂಡೋಗಿ ಬನ್ನಿ, ಆಮೇಲೆ ಮಗು ಕೇಳಿ."

ಕಾಯಿ ಅಂಗಳದಲ್ಲೇ ಬಿದ್ದು ಒಡೆದುಹೋಯಿತು. ಅವತ್ತು ಅದನ್ನೇ ಸಾರು ಮಾಡಿ, ದೊಡ್ಡ ಹೋಳು ನನ್ನ ತಟ್ಟೆಗೆ ಹಾಕಿ, "ನಿಮ್ಮ ಕೂಸು, ನೀವೇ ತಿನ್ನಿ" ಅಂದಳು. ತಿಂದೆ. ಮಾರನೇ ದಿನ ಇನ್ನೊಂದು ಕಾಯಿ ಕೇಳಿದೆ.

ಗೋಡೆ ಹಿಡಿದು ನಡೆದೆ, ಆಮೇಲೆ ಗೋಡೆ ಬಿಟ್ಟು ನಡೆದೆ. ಮಗು ಬೆಳೆದಂಗೆಲ್ಲ ಸೊಸೆ ಕಾಯೀನೂ ದೊಡ್ಡದು ಕೊಟ್ಟಳು. ಪಕ್ಕದ ಮನೆಯವನು ಸೊಂಟದ ಕಾಯಿ ನೋಡಿ ದಿನಾ ಕೇಳೋನು, "ಏನಜ್ಜಿ, ಕೂಸು ಮಲಗೈತಾ?"

"ಮಲಗೈತೆ ಕಣಪ್ಪ. ನಿನ್ನಂಗೆ ಊರೆಲ್ಲಾ ಒದರಲ್ಲ."

ಇವತ್ತು ಸೊಸೆ ಕಾಯಿ ಇಸ್ಕೊಂಡು ಸೊಂಟಕ್ಕೆ ಮಗೂನ ಇಟ್ಟಳು. ದಾರಿಯುದ್ದ ಎರಡೂ ಕೈ ಚಾಚಿಕೊಂಡು ನನ್ನ ಬೆನ್ನಿಗೇ ಬಂದಳು.

ಸಂಜೆ ಎಲ್ಲಾ ಒಟ್ಟಿಗೆ ಕೂತೆವು. ಮುದ್ದೆ, ಬೆಳಿಗ್ಗೆ ಇಸ್ಕೊಂಡ ಕುಂಬಳಕಾಯಿದೇ ಸಾರು. ನಾನು ದೊಡ್ಡ ಹೋಳು ಎತ್ತಿ ಸೊಸೆ ತಟ್ಟೆಗೆ ಹಾಕಿದೆ. "ನೀನೇ ತಿನ್ನವ್ವ. ನನ್ನ ಕೂಸು ತೊಡೆ ಮೇಲೈತೆ."

ಮಗ ನಗೋಕೆ ಹೋಗಿ, ಮುದ್ದೆ ಮುರಿದು ಬಾಯಿಗಿಟ್ಕೊಂಡ. ಅವಳು ತಲೆ ಬಗ್ಗಿಸಿ ತಿಂದಳು. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.