ಎತ್ತಿ ಹಿಡಿದ ಕ್ಲಾರಿನೆಟ್

ನಮ್ಮಪ್ಪ ಸಿನಿಮಾದಲ್ಲಿ ಕಳ್ಳನಾಗಿದ್ದ. ಅದೊಂದು ಒಳ್ಳೆಯ ಸಿನಿಮಾ ಆಗಿದ್ದರೆ ಹೇಳಿಕೊಳ್ಳಲಿಕ್ಕಾದರೂ ಬರುತ್ತಿತ್ತು.

ಅಪ್ಪ ಬಳ್ಳಾರಿಯ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಹೆಣ್ಣು ಒಪ್ಪಿಸುವ ಹೊತ್ತಿಗೆ ಅವನು ಊದಿದರೆ ಗಂಡಿನ ಕಡೆಯವರ ಕಣ್ಣೂ ಒದ್ದೆಯಾಗುತ್ತಿತ್ತು. ನನಗೆ ಸಿರುಗುಪ್ಪದ ಗಂಡು ಗೊತ್ತಾದಾಗ ಅವ್ವ ವಾಲಗದ ಮಾತೆತ್ತಿದಳು.

"ಬ್ಯಾರೆ ಯಾರರ ಯಾಕ? ನನ್ನ ಮಗಳ್ನ ನಾನ ಊದಿ ಕಳಸ್ತೀನಿ" ಎಂದ ಅಪ್ಪ. ಮೈಮೇಲೆ ಹಾಕುವ ಬಂಗಾರಕ್ಕಿಂತ ಆ ಮಾತೇ ನನಗೆ ದೊಡ್ಡದಾಗಿತ್ತು.

ಎಪ್ಪತ್ತರ ದಶಕದ ಆ ಬೇಸಿಗೆಯಲ್ಲೇ ಮದ್ರಾಸಿನಿಂದ ತೆಲುಗು ಸಿನಿಮಾದವರು ಬಂದರು. ಬ್ಯಾಂಡಿನವರ ವೇಷ ಹಾಕಿ ಬ್ಯಾಂಕು ದೋಚುವ ಕಳ್ಳರ ಕಥೆ. ನಟರಿಗೆ ವಾದ್ಯ ಹಿಡಿಯಲು ಕಲಿಸುವುದಕ್ಕಿಂತ ವಾದ್ಯದವರ ಕೈಗೇ ಬಂದೂಕು ಕೊಡುವುದು ಸಲೀಸು ಎಂದು ಡೈರೆಕ್ಟರನಿಗೆ ಹೊಳೆಯಿತು. ಅಪ್ಪನ ಸೆಟ್ಟಿನವರೆಲ್ಲ ಕಳ್ಳರಾದರು. ಕದ್ದ ಬಂಗಾರವನ್ನು ದೊಡ್ಡ ಡ್ರಮ್ಮಿನೊಳಗೆ ತುಂಬಿ, ಅದನ್ನೇ ಧಂ ಧಂ ಬಾರಿಸುತ್ತ ಪೊಲೀಸರ ಮುಂದೆ ಹಾದು ಹೋಗುತ್ತಾರಂತೆ. ಬಂಗಾರ ತುಂಬಿದ ಡ್ರಮ್ಮು ಹಾಗೆ ಗುಡುಗುತ್ತದೆಯೇ? ಅಪ್ಪ ಹೇಳಿ ನೋಡಿದ. ಡೈರೆಕ್ಟರನಿಗೆ ಬೇಕಿದ್ದದ್ದು ಕಳ್ಳರು, ಬುದ್ಧಿ ಹೇಳುವವರಲ್ಲ.

ಸಂಗನಕಲ್ಲಿನ ಗುಡ್ಡದ ಹತ್ತಿರ ಓಡುವ ಜೀಪಿನಿಂದ ಜಿಗಿಯುವ ದೃಶ್ಯವಿತ್ತು. ಬುತ್ತಿ ಒಯ್ದಿದ್ದ ನಾನೂ ಅವ್ವನೂ ಅಲ್ಲೇ ನಿಂತಿದ್ದೆವು. ಜೀಪು ನಿಧಾನ ಹೋಗುತ್ತದೆ ಎಂದಿದ್ದರು, ಹೋಗಲಿಲ್ಲ. ಅಪ್ಪ ಜಿಗಿದ, ಕಾಲು ತಿರುಚಿ ಮುಂದಕ್ಕೆ ಬಿದ್ದ. ಬೇರೆ ಯಾರೇ ಆಗಿದ್ದರೂ ಕೈ ಊರುತ್ತಿದ್ದರು. ಅಪ್ಪ ಎರಡೂ ಕೈಯಿಂದ ಕ್ಲಾರಿನೆಟ್ಟನ್ನು ಮೇಲಕ್ಕೆತ್ತಿದ. ಮುಖ ಹೋಗಿ ಬಂಡೆಗೆ ಬಡಿಯಿತು. ಮೇಲಿನ ಮುಂಬಲ್ಲುಗಳು ಅಲ್ಲೇ ಮುರಿದವು, ತುಟಿ ಸೀಳಿತು. ವಾದ್ಯಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಡೈರೆಕ್ಟರ್ "ಬಾಗುಂದಿ, ಬಾಗುಂದಿ" ಎಂದು ಮೆಚ್ಚಿಕೊಂಡ. ಆ ಮುಖಕ್ಕೆ ಬುತ್ತಿಗಂಟು ಎಸೆಯಬೇಕೆನ್ನಿಸಿತ್ತು ನನಗೆ. ಈಗಲೂ ಅನ್ನಿಸುತ್ತದೆ.

ಕ್ಲಾರಿನೆಟ್ ಊದಲು ಮೇಲಿನ ಹಲ್ಲು ಅದರ ಬಾಯಿಯ ಮೇಲೆ ಗಟ್ಟಿಯಾಗಿ ಕೂರಬೇಕು. ಕಟ್ಟಿಸಿದ ಹಲ್ಲು ಉಸಿರು ಬಿಟ್ಟಾಗಲೆಲ್ಲ ಅಲುಗಾಡಿತು. ಹೊಲಿದ ತುಟಿಗೆ ಹಿಡಿತ ಬರಲಿಲ್ಲ. ಅಪ್ಪ ಮದುವೆಯನ್ನು ಮುಂದಕ್ಕೆ ಹಾಕಿಸಿದ. ದಿನಾ ಮುಂಜಾನೆ ಬಾಗಿಲು ಮುಚ್ಚಿಕೊಂಡು ಊದುತ್ತಿದ್ದ, ಹೊರಗೆ ನಮಗೆ ಬರೀ ಗಾಳಿ ಕೇಳುತ್ತಿತ್ತು. ಕಡೆಗೊಂದು ದಿನ ಕೈಚೀಲ ಕೆಳಗಿಡುತ್ತ, "ಮದುವಿಗೆ ಕುರುಗೋಡಿನ ಸೆಟ್ನವ್ರಿಗೆ ಹೇಳಿ ಬಂದೀನಿ" ಎಂದ. ಅವ್ವ ಚಹಾಕ್ಕಿಡಲು ಒಳಗೆ ಹೋದಳು.

ಮದುವೆ ಸಿರುಗುಪ್ಪದಲ್ಲಾಯಿತು. ಅಷ್ಟರಲ್ಲಿ ಆ ಸಿನಿಮಾ ಅಲ್ಲಿಯ ಟೆಂಟಿಗೆ ಬಂದು ಹೋಗಿತ್ತು. ಹಾಡು ಸಪ್ಪೆ, ಹೀರೋಗೆ ಓಡಲಿಕ್ಕೂ ಬಾರದು. ಜನ ಶಿಳ್ಳೆ ಹೊಡೆದದ್ದು ಅಪ್ಪ ಬೀಳುವಲ್ಲಿ ಮಾತ್ರವಂತೆ. ಊಟದ ಪಂಕ್ತಿ ಎದ್ದ ಮೇಲೆ ಗಂಡಿನ ಸೋದರಮಾವ ಅಪ್ಪನನ್ನು ಹಂದರದ ನಡುವೆ ನಿಲ್ಲಿಸಿಕೊಂಡ.

"ಬೀಗರ, ಸಿನಿಮಾದಾಗ ಪೀಪಿ ಎತ್ತಿ ಹಿಡ್ದು ಬಿದ್ರಲ್ಲ, ಅದನ್ನ ಒಮ್ಮಿ ಮಾಡಿ ತೋರಸ್ರಿ. ಹುಡುಗ್ರು ನೋಡ್ಲಿ."

ಬೀಗರ ಚಾಷ್ಟಿಗೆ ಹೆಣ್ಣು ಹೆತ್ತವರು ಇಲ್ಲ ಎನ್ನುವಂತಿಲ್ಲ. ನನ್ನನ್ನು ಒಪ್ಪಿಸುವುದು ಇನ್ನೂ ಬಾಕಿ ಇತ್ತು. ಬೇಡಪ್ಪಾ ಎನ್ನಲು ಬಾಯಿ ತೆರೆದೆ, ಅವ್ವ ನನ್ನ ಕೈ ಹಿಸುಕಿದಳು.

ಅಪ್ಪ ಬಾಯಿ ಮುಚ್ಚಿಕೊಂಡೇ ನಕ್ಕ. ರುಮಾಲು ತೆಗೆದು ಬದಿಗಿಟ್ಟ. ಮೊಣಕಾಲೂರಿ, ಖಾಲಿ ಕೈಗಳೆರಡನ್ನೂ ಮೇಲೆತ್ತಿ, ಮುಂದಕ್ಕೆ ಬಾಗಿ ಮುಖವನ್ನು ಜಮಖಾನಕ್ಕೆ ತಾಗಿಸಿದ. ಹಂದರದ ತುಂಬ ಶಿಳ್ಳೆ, ಇನ್ನೊಮ್ಮೆ ಇನ್ನೊಮ್ಮೆ ಎಂಬ ಕೂಗು. ಇನ್ನೊಮ್ಮೆಯೂ ಮಾಡಿದ.

ಆಮೇಲೆ ಕುರುಗೋಡಿನವರು ಹೆಣ್ಣು ಒಪ್ಪಿಸುವ ಹಾಡು ಶುರು ಮಾಡಿದರು. ಅಪ್ಪ ಬಂದು ನನ್ನ ಮುಂಗೈ ಹಿಡಿದುಕೊಂಡ. ಅವನ ಹಣೆಗೆ ಜಮಖಾನದ ದೂಳು ಹತ್ತಿತ್ತು. ಕೈ ಬಿಡುವವರೆಗೂ ಅವನ ಬೆರಳುಗಳು ನನ್ನ ಮುಂಗೈ ಮೇಲೆ ಒಂದೊಂದೇ ಸ್ವರ ಒತ್ತುತ್ತಿದ್ದವು, ಕುರುಗೋಡಿನ ಕ್ಲಾರಿನೆಟ್ಟಿನವನಿಗಿಂತ ತುಸು ಮುಂದಾಗಿ.