ನಡುಗಲ್ಲಿನ ಕೆಳಗೆ

ಮೈಥಿಲಿ ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವಳು. ಗಂಡ ಪ್ರಶಾಂತನಿಗೆ ನೈರೋಬಿಗೆ ಪೋಸ್ಟಿಂಗ್ ಆದಾಗ ಜೊತೆಗೆ ಬಂದು, ಅಲ್ಲಿನ ಹೈರಿಡ್ಜ್‌ನಲ್ಲಿ ಮನೆ ಮಾಡಿ, ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವ ಸಣ್ಣ ಸಂಸ್ಥೆಯೊಂದಕ್ಕೆ ಸೇರಿದಳು. ಊರಿನಲ್ಲಿ ಅವಳ ಕೈಗೆ ಸಿಕ್ಕಿದ್ದು ಬರೀ ಕಾಂಕ್ರೀಟು. ಕಲ್ಲಿನ ಕೆಲಸ ಇಲ್ಲಿಗೆ ಬಂದ ಮೇಲೆ ಕಲಿತದ್ದು.

ಆ ವರ್ಷ ಏಪ್ರಿಲ್ ಮಳೆ ಬಿಡದೆ ಹೊಯ್ದಿತ್ತು. ಗೋಥಿಕ್ ಶೈಲಿಯ ಹಳೆಯ ಚರ್ಚೊಂದು ಸೋರುತ್ತಿದೆಯೆಂದು ಅವಳನ್ನು ಕಳಿಸಿದರು. ಚರ್ಚು ನೋಡಿಕೊಳ್ಳುವ ಪೀಟರ್ ಮೊದಲು ಮಾಡಿನ ಮೇಲೆ ಕರೆದೊಯ್ದ. ಅಂಚಿನುದ್ದಕ್ಕೂ ಬಾಯಿ ತೆರೆದ ಕಲ್ಲಿನ ವಿಕಾರ ಮೃಗಗಳು. ಮಳೆನೀರನ್ನು ಗೋಡೆಗೆ ತಾಗದಂತೆ ದೂರಕ್ಕೆ ಉಗುಳುವುದು ಅವುಗಳ ಕೆಲಸ. ಕೆಲವುಗಳ ಗಂಟಲಲ್ಲಿ ಹಕ್ಕಿಗಳು ಗೂಡು ಕಟ್ಟಿದ್ದವು. ದಾರಿ ಸಿಗದ ನೀರು ಕಮಾನುಗಳ ಬೆನ್ನ ಮೇಲೆ ನಿಂತುಬಿಟ್ಟಿತ್ತು.

ಆಮೇಲೆ ಒಳಗೆ, ಕಮಾನು ಪರೀಕ್ಷಿಸಲೆಂದು ಕಂಬಿಗಳಿಂದ ಕಟ್ಟಿದ್ದ ಅಟ್ಟಣೆ ಹತ್ತಿದಳು. ಕೆಳಗೆ, ಆಚೆ ತುದಿಯಲ್ಲಿ, ಮಗಳು ನಿಕಿತಾಳೂ ಇದ್ದ ಶಾಲೆಯ ಗಾಯನ ತಂಡ ಅಭ್ಯಾಸ ನಡೆಸಿತ್ತು. ಮೇಲೆ ಚೂಪು ಕಮಾನಿನ ಕಲ್ಲುಪಟ್ಟಿಗಳೆಲ್ಲ ಬಂದು ಒಂದು ದಪ್ಪ ನಡುಗಲ್ಲಿನಲ್ಲಿ ಕೂಡಿಕೊಂಡಿದ್ದವು. ಅದರಲ್ಲಿ ಎಲೆಗಳ ನಡುವಿನಿಂದ ಇಣುಕುವ ಮನುಷ್ಯನ ಮುಖ ಕೆತ್ತಿದ್ದರು. ನೆಲದಿಂದ ನಗುವಂತೆ ಕಂಡಿದ್ದ ಮುಖ ಹತ್ತಿರದಿಂದ ಕಿರುಚುವಂತಿತ್ತು. ಮೈಥಿಲಿ ಸಂದಿಯಲ್ಲಿ ಬೆರಳಿಟ್ಟಳು. ಒದ್ದೆ ಗಾರೆ ಮುದ್ದೆಯಾಗಿ ಕೈಗೆ ಬಂತು. ನಡುಗಲ್ಲು ತನ್ನ ಜಾಗದಿಂದ ಕೆಳಗೆ ಜಾರಿತ್ತು. ಅವಳು ನೋಡುತ್ತಿದ್ದಂತೆಯೇ ಒಳಗೆಲ್ಲೋ ಟಕ್ ಎಂದಿತು.

ಕೆಳಗೆ ಬಗ್ಗಿ ನೋಡಿದಳು. ಮಕ್ಕಳು ಹಾಡುತ್ತ ಹಾಡುತ್ತ ಈ ಕಡೆಗೇ ಸರಿದು, ಸರಿಯಾಗಿ ಕಮಾನಿನ ಕೆಳಗೆ ನಿಂತಿದ್ದರು.

ಕೂಗಿಕೊಂಡರೆ ಗಾಬರಿಯಲ್ಲಿ ಅಟ್ಟಣೆಗೇ ಡಿಕ್ಕಿ ಹೊಡೆದಾರು. ಹಾಡು ನಿಂತ ಗಳಿಗೆಯಲ್ಲಿ, ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳು:

“ನಿಕಿತಾ, ಮೇಲೆ ನೋಡ್ಬೇಡ. ಕಲ್ಲು ಬೀಳೋ ಹಾಗಿದೆ. ಹೆಲನ್ ಮಿಸ್‌ಗೆ ಕಿವೀಲಿ ಹೇಳು. ಎಲ್ರೂ ಸೈಡ್ ಡೋರಿಂದ ಹೊರಗ್ ಹೋಗ್ಲಿ. ಓಡೋದ್ ಬೇಡ.”

ಅಲ್ಲಿ ಕನ್ನಡ ತಿಳಿಯುತ್ತಿದ್ದುದು ನಿಕಿತಾಳಿಗೆ ಮಾತ್ರ.

“ಅಮ್ಮ, ವಾಟ್ ಅಬೌಟ್ ಯೂ?”

“ನೀನ್ ಹೋಗ್ ಪುಟ್ಟಿ. ಬರ್ತೀನಿ.”

ನಿಕಿತಾ ಕಿವಿಯಲ್ಲಿ ಹೇಳಿದ್ದನ್ನು ಕೇಳಿ ಸಂಗೀತದ ಟೀಚರ್ ಹೆಲನ್ ಕ್ಷಣ ಕಣ್ಣು ಮುಚ್ಚಿಕೊಂಡರು. ಆಮೇಲೆ ಮಕ್ಕಳನ್ನು ಸಾಲು ಮಾಡಿಸಿ, ಹಾಡಿಸುತ್ತಲೇ ಹೊರಗೆ ನಡೆಸಿದರು.

ಮೈಥಿಲಿಗೆ ಮಾತ್ರ ಏಣಿಗೆ ಕಾಲಿಡಲಾಗಲಿಲ್ಲ. ಕಂಬಿ ಅಪ್ಪಿಕೊಂಡು ಆ ಮುಖದ ಕೆಳಗೇ ಕುಕ್ಕರಿಸಿದಳು. ತಲೆಯ ಮೇಲೆ ಗಾರೆ ಉದುರುತ್ತಿತ್ತು. ಪೀಟರ್ ಏಣಿ ಹತ್ತಿ ಬಂದು ಅವಳ ಪಾದ ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಟ್ಟ. ನಿಧಾನ, ನಿಧಾನ ಎಂದು ಅವನ ಸ್ವಾಹಿಲಿಯಲ್ಲಿ ಹೇಳುತ್ತಲೇ ಇದ್ದ: “ಪೋಲೆ ಪೋಲೆ.”

ಇಬ್ಬರೂ ಬಾಗಿಲು ದಾಟುತ್ತಿದ್ದಂತೆ ಹಿಂದೆ ನೆಲ ಅದುರಿತು. ನಡುಗಲ್ಲು ಅಟ್ಟಣೆಯನ್ನು ಸೀಳಿಕೊಂಡು ಬಿದ್ದಿತ್ತು. ಅದರ ಹಿಂದೆಯೇ ಕಲ್ಲುಪಟ್ಟಿಗಳೂ ಬಿದ್ದವು. ಹುಲ್ಲಿನ ಮೇಲೆ ನಿಂತಿದ್ದ ನಿಕಿತಾ ಓಡಿ ಬಂದು ಅವಳ ಸೊಂಟ ಬಳಸಿದಳು.

“ಈ ಕೆಲ್ಸ ಸಾಕು ಮೈಥಿಲಿ,” ಎಂದ ಪ್ರಶಾಂತ್ ಅಂದು ಸಂಜೆ.

“ಅಲ್ಲಿ ಇನ್ನೂ ಕಮಾನುಗಳಿದಾವೆ, ಪ್ರಶಾಂತ್. ನೀರು ಅವುಗಳ ಮೇಲೂ ನಿಂತಿತ್ತು.”

ಮಳೆ ತೆರಪಾದ ಮೇಲೆ ಆಸರೆ ಕಟ್ಟಿಸಿ, ಒಂದೊಂದು ಕಮಾನನ್ನೂ ಅವಳೇ ಹತ್ತಿ ಮುಟ್ಟಿ ನೋಡಿದಳು.